ಲೈಫ್ ಪೂಲ್

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಿಲಿಯರ್ಡ್ಸ್ ಕೋಣೆಗಳಲ್ಲೂ ಭಾರತದ ಬ್ರಿಟಿಷ್ ಸೇನಾ ಮೆಸ್‌ಗಳಲ್ಲೂ ಹಣ ಕಟ್ಟಿ ಆಡುತ್ತಿದ್ದ ಆಟ. ಬಿಲಿಯರ್ಡ್ಸ್ ಮೂಲತಃ ಇಬ್ಬರ ಆಟ. ರಾತ್ರಿಯ ಊಟ ಮುಗಿಸಿ ಏಳೆಂಟು ಮಂದಿ ಒಂದೇ ಟೇಬಲ್ ಸುತ್ತ ಸೇರಿದರೆ ಉಳಿದವರು ನೋಡುತ್ತ ನಿಲ್ಲಬೇಕಾಗುತ್ತಿತ್ತು. ಎಲ್ಲರನ್ನೂ ಒಂದೇ ಆಟಕ್ಕೆ ಎಳೆದುಕೊಂಡದ್ದು ಲೈಫ್ ಪೂಲ್. ಈಗ ಇದನ್ನು ಆಡುವವರು ಸಿಗುವುದು ಬಹಳ ಅಪರೂಪ. ಆದರೂ ಸ್ನೂಕರಿನ ಪೂರ್ವಿಕ ಆಟಗಳಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ. ಆ ಆಟದ ಚರಿತ್ರೆಗಳು ಇದಕ್ಕೆ ಒಂದೆರಡು ಸಾಲು ಮಾತ್ರ ಕೊಟ್ಟು ಮುಂದೆ ಹೋಗುವುದು ನ್ಯಾಯವಲ್ಲ.

ಆಟಗಾರರೆಲ್ಲ ಮೊದಲು ಸಮಪಾಲು ಹಣ ಹಾಕುತ್ತಾರೆ. ಹೀಗೆ ಕೂಡಿದ ಮೊತ್ತವೇ ಪೂಲ್. ಪೂಲ್‌ಗೆ ಮೂರು ಶಿಲಿಂಗ್, ಜೀವವೊಂದಕ್ಕೆ, ಎಂದರೆ ಕಳೆದುಕೊಂಡ ಅವಕಾಶವೊಂದಕ್ಕೆ, ಒಂದು ಶಿಲಿಂಗ್ ಎಂಬುದು ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ದರಗಳಲ್ಲೊಂದು. ಆಮೇಲೆ ಆಟದ ಲೆಕ್ಕ ಇಡುವ ಮಾರ್ಕರ್ ಬುಟ್ಟಿಯಿಂದ ಬಣ್ಣದ ಚೆಂಡುಗಳನ್ನು ತೆಗೆದು ಹಂಚುತ್ತಾನೆ. ಯಾರಿಗೆ ಯಾವ ಬಣ್ಣ ಬಂದರೂ ಆಟ ಮುಗಿಯುವ ತನಕ ಅದೇ ಅವನ ಚೆಂಡು, ಅದೇ ಅವನ ಹೆಸರು. ಸರದಿಯೂ ಬಣ್ಣದ ಮೇಲೆಯೇ: ಬಿಳಿ, ಕೆಂಪು, ಹಳದಿ, ಹಸಿರು, ಕಂದು, ನೀಲಿ, ಹೀಗೆ. ಒಬ್ಬೊಬ್ಬನಿಗೆ ಮೂರು ಜೀವ.

ಬಿಳಿಯನ್ನು ಟೇಬಲ್ ಮೇಲಿನ ಗುರುತಿನಲ್ಲಿಟ್ಟು, ಕೆಂಪಿನವನು ಅದಕ್ಕೆ ಗುರಿಯಿಡುತ್ತಾನೆ. ಹಳದಿಯವನು ಕೆಂಪಿಗೆ, ಹಸಿರಿನವನು ಹಳದಿಗೆ. ಚೆಂಡು ಪಾಕೆಟ್‌ಗೆ ಬಿದ್ದರೆ ಅದರ ಒಡೆಯನಿಗೆ ಒಂದು ಜೀವ ಹೋಯಿತು. ಅದರ ಬೆಲೆಯನ್ನು ಹೊಡೆದವನ ಕೈಗೆ ಕೊಡಬೇಕು. ಹೊಡೆದವನು ತನಗೆ ಹತ್ತಿರವಿರುವ ಚೆಂಡಿನ ಮೇಲೆ ಆಟ ಮುಂದುವರಿಸುತ್ತಾನೆ. ಗುರಿ ತಪ್ಪಿ ಚೆಂಡಿಗೆ ತಾಗದೇ ಹೋದರೆ, ತನ್ನ ಚೆಂಡೇ ಪಾಕೆಟ್‌ಗೆ ಹೋದರೆ, ಅಥವಾ ಬೇರೆಯವರ ಚೆಂಡಿಗೆ ಹೊಡೆದರೆ ಜೀವ ಹೋಗುವುದು ಹೊಡೆದವನದೇ. ಪ್ರತಿ ಸರದಿಗೂ ಮಾರ್ಕರ್ ಕೂಗಿ ಹೇಳುತ್ತಿದ್ದ: ಈಗ ಕೆಂಪು, ಬಿಳಿಯ ಮೇಲೆ, ನಿಮ್ಮ ಹಿಂದೆ ಹಳದಿ. ಆಟದ ಮರ್ಮವೆಲ್ಲ ಈ ಕೂಗಿನ ಕೊನೆಯ ಭಾಗದಲ್ಲಿದೆ. ಮುಂದಿನ ಚೆಂಡನ್ನು ಬೀಳಿಸಿದರಷ್ಟೇ ಸಾಲದು, ಹಿಂದೆ ಬರುವವನ ಕೈಗೆ ಸಿಗದ ಜಾಗದಲ್ಲಿ ತನ್ನ ಚೆಂಡನ್ನು ನಿಲ್ಲಿಸಬೇಕು. ಬರೀ ಗುರಿಕಾರನಿಗೆ ಇಲ್ಲಿ ಹೆಚ್ಚು ಕಾಲ ಉಳಿಗಾಲವಿರಲಿಲ್ಲ.

ಮೂರೂ ಜೀವ ಕಳೆದುಕೊಂಡ ಮೊದಲನೆಯವನಿಗೆ ಒಂದು ದಾರಿ ಇತ್ತು. ಮತ್ತೊಮ್ಮೆ ಪೂಲ್ ಹಣ ಕಟ್ಟಿದರೆ, ಉಳಿದವರಲ್ಲಿ ಅತಿ ಕಡಿಮೆ ಜೀವ ಯಾರಿಗಿದೆಯೋ ಅವನಷ್ಟೇ ಜೀವ ಪಡೆದು ಆಟಕ್ಕೆ ಮರಳಬಹುದು. ಇದಕ್ಕೆ ಸ್ಟಾರ್ ಎಂದು ಹೆಸರು. ಒಂದು ಆಟದಲ್ಲಿ ಒಂದೇ ಸ್ಟಾರ್. ಕೊನೆಗೆ ಉಳಿದವನಿಗೆ ಪೂಲ್ ಪೂರ್ತಿ. ಇಬ್ಬರು ಸಮಜೀವದಲ್ಲಿ ಉಳಿದರೆ ಹಂಚಿಕೊಳ್ಳುವ ವಾಡಿಕೆಯೂ ಇತ್ತು.

ಅದೇ ಕಾಲದಲ್ಲಿ ಪಿರಮಿಡ್ ಎಂಬ ಇನ್ನೊಂದು ಆಟವಿತ್ತು. ಹದಿನೈದು ಕೆಂಪು ಚೆಂಡುಗಳನ್ನು ತ್ರಿಕೋನವಾಗಿ ಜೋಡಿಸಿ, ಬೀಳಿಸಿದ ಒಂದೊಂದಕ್ಕೂ ಹಣ ಪಡೆಯುವ ಆಟ ಅದು. ಲೈಫ್ ಪೂಲ್‌ಗೆ ಕಪ್ಪು ಚೆಂಡೊಂದನ್ನು ಸೇರಿಸಿ ಬ್ಲ್ಯಾಕ್ ಪೂಲ್ ಮಾಡಿಕೊಂಡಿದ್ದರು. ತನ್ನ ಗುರಿಯ ಚೆಂಡನ್ನು ಬೀಳಿಸಿದವನು ಕಪ್ಪನ್ನೂ ಬೀಳಿಸಿದರೆ ಎಲ್ಲರಿಂದಲೂ ಹೆಚ್ಚುವರಿ ಹಣ ಬರುತ್ತಿತ್ತು.

ಇವೆಲ್ಲ ಕೂಡಿಕೊಂಡದ್ದು ಜಬಲ್‌ಪುರದಲ್ಲಿ. 1875ರ ಮಳೆಗಾಲ, ಡೆವನ್‌ಶೈರ್ ರೆಜಿಮೆಂಟಿನ ಅಧಿಕಾರಿಗಳ ಮೆಸ್. ಅಲ್ಲಿದ್ದ ಯುವ ಅಧಿಕಾರಿ ನೆವಿಲ್ ಚೇಂಬರ್ಲೇನ್, ಬ್ಲ್ಯಾಕ್ ಪೂಲ್‌ಗೆ ಇನ್ನಷ್ಟು ಬಣ್ಣದ ಚೆಂಡುಗಳನ್ನು ಸೇರಿಸಿ ನೋಡೋಣ ಎಂದ. ಪಿರಮಿಡ್‌ನ ಹದಿನೈದು ಕೆಂಪೂ ಸೇರಿ ಸ್ನೂಕರ್ ಆಯಿತು. ನೀಲಿ ಮತ್ತು ಕಂದು ಬಂದದ್ದು ಆಮೇಲೆ. ಇವನೇ ಬ್ರಿಟನ್ನಿನ ಪ್ರಧಾನಿಯಾದವನೆಂದು ತಿಳಿಯುವವರಿದ್ದಾರೆ. ಹೆಸರೊಂದೇ, ವ್ಯಕ್ತಿ ಬೇರೆ. 1881ರಲ್ಲಿ ಜನರಲ್ ಫ್ರೆಡರಿಕ್ ರಾಬರ್ಟ್ಸ್‌ನ ಸಿಬ್ಬಂದಿಗೆ ಸೇರಿದ ಮೇಲೆ ಚೇಂಬರ್ಲೇನ್ ಊಟಿಗೂ ಬಂದ. ಅಲ್ಲಿನ ಊಟಿ ಕ್ಲಬ್ಬಿನಲ್ಲಿ ನಿಯಮಗಳು ಬರಹಕ್ಕೆ ಬಂದು ಬಿಲಿಯರ್ಡ್ಸ್ ಕೋಣೆಯ ಗೋಡೆಗೇರಿದವು.  1885ರಲ್ಲಿ ಬಿಲಿಯರ್ಡ್ಸ್ ಚಾಂಪಿಯನ್ ಜಾನ್ ರಾಬರ್ಟ್ಸ್ ಕಲ್ಕತ್ತೆಯಲ್ಲಿ ಚೇಂಬರ್ಲೇನ್‌ನನ್ನು ಕಂಡು ಆಟದ ವಿವರ ಕೇಳಿಕೊಂಡನೆಂದು ಪ್ರತೀತಿ.

ಈ ಬದಲಾವಣೆಯಲ್ಲಿ ಅತಿ ಮುಖ್ಯವಾದದ್ದು ಬಣ್ಣಕ್ಕೆ ಆದ ಗತಿ. ಲೈಫ್ ಪೂಲ್‌ನಲ್ಲಿ ಹಳದಿ ಎಂದರೆ ಒಬ್ಬ ಮನುಷ್ಯ, ಅವನ ಜೇಬು, ಅವನ ಉಳಿದ ಜೀವ. ಸ್ನೂಕರಿನಲ್ಲಿ ಹಳದಿ ಎಂದರೆ ಎರಡು ಅಂಕ. ಹಸಿರು ಮೂರು, ಕಂದು ನಾಲ್ಕು, ನೀಲಿ ಐದು. ಹಳೆಯ ಸರದಿಯೇ ಅಂಕಗಳ ಏರಿಕೆಯಾಗಿ ಉಳಿದಿದೆ. ಬಣ್ಣ ಆಟಗಾರನಿಂದ ಬಿಡಿಸಿಕೊಂಡ ಮೇಲೆ ಪಣವಿಲ್ಲದೆಯೂ ಇಬ್ಬರು ಆಡಿ ಗೆದ್ದವರಾರೆಂದು ಹೇಳಲು ಸಾಧ್ಯವಾಯಿತು. 1927ರಲ್ಲಿ ಜೋ ಡೇವಿಸ್ ಮೊದಲ ವಿಶ್ವ ವೃತ್ತಿಪರ ಚಾಂಪಿಯನ್ ಆದ. 2003ರಲ್ಲಿ ಬೆಂಗಳೂರಿನ ಪಂಕಜ್ ಅಡ್ವಾಣಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿ ಗೆದ್ದರು.

ಜೀವ ಎಣಿಸುವ ಪದ್ಧತಿ ಬ್ರಿಟನ್ನಿನ ಪಬ್‌ಗಳಲ್ಲಿ ಕಿಲ್ಲರ್ ಎಂಬ ಆಟವಾಗಿ ಇನ್ನೂ ಇದೆ. ಎಲ್ಲರೂ ಹಣ ಹಾಕುತ್ತಾರೆ, ತಲೆಗೆ ಮೂರು ಜೀವ, ಬಿಳಿ ಚೆಂಡು ಎಲ್ಲರಿಗೂ ಒಂದೇ. ಸರದಿ ಬಂದಾಗ ಯಾವುದಾದರೂ ಒಂದು ಚೆಂಡನ್ನು ಬೀಳಿಸಬೇಕು. ಆಗದಿದ್ದರೆ ಹಲಗೆಯ ಮೇಲೆ ಹೆಸರಿನ ಮುಂದಿರುವ ಗೆರೆಯೊಂದನ್ನು ಅಳಿಸುತ್ತಾರೆ. ಹಿಂದಿನಿಂದ ಬೇಟೆಗೆ ಬರುವ ಹಳದಿ ಮಾತ್ರ ಇದರಲ್ಲಿಲ್ಲ, ಹಾಗಾಗಿ ಚೆಂಡನ್ನು ಅಡಗಿಸಿಡುವ ಹಳೆಯ ಜಾಣತನಕ್ಕೆ ಇಲ್ಲಿ ಅಷ್ಟು ಬೆಲೆಯಿಲ್ಲ.