ಬಕೆಟ್ಟಿನ ಸೀಳು

ನಮ್ಮೂರು ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ. ಹೋದ ಬೇಸಿಗೆಯಲ್ಲಿ ನಮ್ಮ ಬಚ್ಚಲುಮನೆಯ ಹೊಸ ಬಕೆಟ್ಟು ತಳದಿಂದ ಬಾಯಿಯವರೆಗೆ ನೆಟ್ಟಗೆ ಸೀಳಿಕೊಂಡಿತು. ಪಕ್ಕದಲ್ಲಿದ್ದ ಹತ್ತು ವರ್ಷದ ಬಕೆಟ್ಟು ಗಟ್ಟಿಯಾಗಿಯೇ ಇತ್ತು. “ಪ್ಲಾಸ್ಟಿಕ್ಕು ಅಂದ್ರೆ ಇಷ್ಟೇ ಕಣೋ” ಎಂದಳು ಅಮ್ಮ. ಎರಡೂ ಪ್ಲಾಸ್ಟಿಕ್ಕೇ ಅಲ್ಲವೆ? ಆ ಪ್ರಶ್ನೆಯ ಬೆನ್ನು ಹತ್ತಿದಾಗ ಸಿಕ್ಕ ಚರಿತ್ರೆ ಇದು.

ಬಿಲಿಯರ್ಡ್ಸ್ ಚೆಂಡಿಗೆ ಆನೆದಂತದ ಬದಲು ಬೇರೇನಾದರೂ ಸಿಕ್ಕೀತೇ ಎಂದು ಹುಡುಕುತ್ತಿದ್ದ ಅಮೆರಿಕದ ಜಾನ್ ವೆಸ್ಲಿ ಹಯಟ್ ಸೆಲ್ಯುಲಾಯ್ಡ್ ಕಡೆ ತಿರುಗಿದ. ಅದನ್ನು ಕಾಯಿಸಿ ಅಚ್ಚಿಗೆ ಒತ್ತುವ ಯಂತ್ರಕ್ಕೆ 1872ರಲ್ಲಿ ಅವನೂ ಅವನ ಸೋದರನೂ ಪೇಟೆಂಟ್ ಪಡೆದರು. ಅದು ಹೆಚ್ಚುಕಡಿಮೆ ನಮ್ಮ ಚಕ್ಕುಲಿ ಒರಳಿನಂಥದ್ದು. ಕಾವು ಸುತ್ತಲಿನ ಗೋಡೆಯಿಂದ ಮಾತ್ರ ತಗಲುತ್ತಿದ್ದುದರಿಂದ ಅಂಚು ಕರಗಿದರೂ ನಡುಭಾಗ ಅರೆಬೆಂದೇ ಉಳಿಯುತ್ತಿತ್ತು. ಕೋಲಿನಿಂದ ತಿರುವದ ಮುದ್ದೆ ಗಂಟಾಗುವುದಿಲ್ಲವೆ, ಹಾಗೆ.

ಆ ಕೋಲು ಬರಲು ಬಹುಕಾಲ ಹಿಡಿಯಿತು. ತಿರುಗುತ್ತಲೇ ಕರಗಿಸಿ, ಬೆರೆಸಿ, ಆಮೇಲೆ ಮುಂದಕ್ಕೆ ನುಗ್ಗಿ ಅಚ್ಚು ತುಂಬುವ ಸ್ಕ್ರೂಗೆ ವಿಲಿಯಂ ವಿಲ್ಲರ್ಟ್ ಪೇಟೆಂಟ್ ಪಡೆದದ್ದು 1956ರಲ್ಲಿ. ಅದೇ ದಶಕದಲ್ಲಿ ಜೀಗ್ಲರ್ ಮತ್ತು ನಾಟಾ ಅವರ ಸಂಶೋಧನೆಯಿಂದ ಇಂದಿನ ಬಕೆಟ್ಟುಗಳ ಗಟ್ಟಿ ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಬಂದವು. 1963ರಲ್ಲಿ ಇಬ್ಬರಿಗೂ ನೊಬೆಲ್ ಸಂದಿತು.

ಸೀಳಿದ ಬಕೆಟ್ಟನ್ನು ಬೋರಲು ಹಾಕಿ ನೋಡಿದೆ. ತಳದ ನಡುವೆ ಒಂದು ಚುಕ್ಕೆ. ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ಹೊಕ್ಕ ಬಾಗಿಲು ಅದು. ಅಲ್ಲಿಂದ ಗೋಡೆಯುದ್ದಕ್ಕೂ ಹರಿಯುವಾಗ ಅದರ ಅಣುಸರಪಳಿಗಳು ಹರಿವಿನ ದಿಕ್ಕಿಗೆ ಸಾಲುಗಟ್ಟುತ್ತವೆ. ಅಚ್ಚು ತೀರಾ ತಣ್ಣಗಿದ್ದರೆ ಮತ್ತೆ ಸಡಿಲಗೊಳ್ಳುವ ಮೊದಲೇ ಗಟ್ಟಿಯಾಗುತ್ತವೆ. ಆಗ ಬಕೆಟ್ಟು ಉದ್ದಕ್ಕೆ ಬಲ, ಅಡ್ಡಕ್ಕೆ ದುರ್ಬಲ. ಬಿದಿರಿನಂತೆ ಉದ್ದಕ್ಕೇ ಸೀಳುತ್ತದೆ. ಹಿಡಿಕೆ ಸಿಕ್ಕಿಸುವ ಕಿವಿಯಲ್ಲಿ ಇನ್ನೊಂದು ತೊಡಕು: ತೂತಿನ ಎರಡೂ ಬದಿಗೆ ಕವಲಾದ ಹರಿವು ಮತ್ತೆ ಕೂಡುವ ಹೊತ್ತಿಗೆ ಆರಿದ್ದರೆ ಬೆಸುಗೆ ಸರಿಯಾಗಿ ಕೂಡುವುದಿಲ್ಲ. ತುಂಬಿದ ಬಕೆಟ್ಟು ಎತ್ತಿದಾಗ ಕಿವಿ ಕಿತ್ತುಬರುವುದು ಹೀಗೂ ಉಂಟು.

ಬಿಸಿಲು, ಕಲಬೆರಕೆ ಹರಳುಗಳೂ ಬಕೆಟ್ಟನ್ನು ಕೆಡಿಸುತ್ತವೆ, ನಿಜ. ಆದರೆ ಒಂದೇ ಚೀಲದ ಹರಳಿನಿಂದ ಗಟ್ಟಿ ಬಕೆಟ್ಟೂ ಆಗಬಹುದು, ಸೀಳುವ ಬಕೆಟ್ಟೂ ಆಗಬಹುದು. ಕಾವು, ಒತ್ತಡ, ಆರಲು ಬಿಟ್ಟ ಹೊತ್ತು ಅದನ್ನು ತೀರ್ಮಾನಿಸುತ್ತವೆ. ನಮ್ಮಜ್ಜಿ ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಿದ್ದಳು. ಮಡಕೆ ಒಡೆದರೆ ಮಣ್ಣನ್ನು ಬೈಯುತ್ತಿರಲಿಲ್ಲ, “ಸರಿಯಾಗಿ ಬೆಂದಿಲ್ಲ” ಎನ್ನುತ್ತಿದ್ದಳು. ಬಕೆಟ್ಟಿನ ವಿಷಯದಲ್ಲಿ ಆ ನ್ಯಾಯ ನಮಗೆ ಮರೆತುಹೋಗಿದೆ.