ಎಲೆಯಂಥ ಗಡ್ಡೆಯ ಹೆಸರಿನ ಕಥೆ

ರೋಗಕ್ಕಿಂತ ಅದರ ಹೆಸರೇ ಹೆಚ್ಚು ಹೆದರಿಸುವುದುಂಟು. 1838ರಲ್ಲಿ ಬರ್ಲಿನ್ನಿನ ಪ್ರಾಧ್ಯಾಪಕ ಯೋಹಾನ್ನೆಸ್ ಮ್ಯೂಲರ್ ಗಡ್ಡೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಒಂದು ಗ್ರಂಥ ಪ್ರಕಟಿಸಿದ. ಅದರಲ್ಲಿ ಸ್ತನದ ಒಂದು ಅಪರೂಪದ ಗಡ್ಡೆಯ ವಿವರವಿದೆ. ಕೊಯ್ದು ನೋಡಿದರೆ ಮಾಂಸದಂಥ ಭಾಗ, ನಡುನಡುವೆ ದ್ರವ ತುಂಬಿದ ಪೊಳ್ಳುಗಳು, ಅವುಗಳೊಳಕ್ಕೆ ಚಾಚಿದ ಎಲೆಯಂಥ ಮಡಿಕೆಗಳು. ಮೂರನ್ನೂ ಸೇರಿಸಿ ಆತ 'ಸಿಸ್ಟೊಸಾರ್ಕೋಮ ಫಿಲ್ಲೋಡಿಸ್' ಎಂದು ಕರೆದ. ಗ್ರೀಕಿನಲ್ಲಿ ಫಿಲ್ಲಾನ್ ಎಂದರೆ ಎಲೆ. ನೀವು ಓದಿರುವ ಕ್ಲೋರೊಫಿಲ್‌ನಲ್ಲಿರುವುದೂ ಅದೇ ಪದ.

ತೊಡಕು ಬಂದದ್ದು ಸಾರ್ಕೋಮ ಎಂಬ ಪದದಿಂದ. ಮ್ಯೂಲರನಿಗೆ ಅದರ ಅರ್ಥ ಮಾಂಸಲ ಗಡ್ಡೆ, ಅಷ್ಟೆ. ಇದು ನಿರಪಾಯವೆಂದೇ ಆತ ಭಾವಿಸಿದ್ದ. ಮುಂದೆ ಆ ಪದ ಒಂದು ಬಗೆಯ ಕ್ಯಾನ್ಸರಿಗೆ ಮೀಸಲಾಯಿತು. ಗಡ್ಡೆಯ ಹೆಸರು ಮಾತ್ರ ಬದಲಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು 'ಫಿಲ್ಲೋಡಿಸ್ ಗಡ್ಡೆ' ಎಂದು ತಿದ್ದಿದ್ದು 1981ರಲ್ಲಿ. ಪರದೆಯ ಮೇಲೆ ತಪ್ಪು ಶೀರ್ಷಿಕೆ ಬಂದರೆ ನಮಗೆ ಮರುದಿನವೇ ಪತ್ರಗಳು ಬರುತ್ತವೆ. ಇಲ್ಲಿ 143 ವರ್ಷ ಬೇಕಾಯಿತು!

ಮ್ಯೂಲರನೂ ಪೂರ್ತಿ ಸರಿಯಲ್ಲ. ಇಂಥ ಗಡ್ಡೆಗಳಲ್ಲಿ ಹೆಚ್ಚಿನವು ನಿರಪಾಯವಾದರೂ ಕೆಲವು ದೇಹದಲ್ಲಿ ಹರಡುತ್ತವೆ. ಆದ್ದರಿಂದ ರೋಗಶಾಸ್ತ್ರಜ್ಞರು ವಿಭಜನೆಯಲ್ಲಿರುವ ಕೋಶಗಳನ್ನು ಎಣಿಸುತ್ತಾರೆ, ಗಡ್ಡೆಯ ಅಂಚು ಸುತ್ತಲಿನ ಅಂಗಾಂಶಕ್ಕೆ ನುಗ್ಗಿದೆಯೇ ಎಂದು ನೋಡುತ್ತಾರೆ. ನಿರಪಾಯ, ನಡುಮಟ್ಟ, ಮಾರಕ ಎಂದು ಮೂರು ದರ್ಜೆ. ಒಂದು ಕಾಲಕ್ಕೆ ಇಡೀ ಸ್ತನವನ್ನೇ ತೆಗೆಯುವುದು ವಾಡಿಕೆಯಾಗಿತ್ತು. ಈಗ ಗಡ್ಡೆ ನಿರಪಾಯವೆಂದು ಖಚಿತವಾದರೆ ಸಾಮಾನ್ಯವಾಗಿ ಅದನ್ನಷ್ಟೇ ಪೂರ್ತಿ ತೆಗೆದು, ಮತ್ತೆ ಬೆಳೆಯುತ್ತದೆಯೇ ಎಂದು ಕೆಲವು ವರ್ಷ ಗಮನಿಸುತ್ತಾರೆ.