ಅಡಗುವುದು, ಅಡಗಿಸುವುದು: ಶಿಲೀಂಧ್ರದ ಕೋಶಭಿತ್ತಿಯ ಅಧ್ಯಯನ ನಡೆದುಬಂದ ದಾರಿ

ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಲೂಯಿ ಪಿಲ್ಲೆಮರ್ ಮತ್ತು ಎಕರ್ 1941ರಲ್ಲಿ ಯೀಸ್ಟಿನ ಕೋಶಭಿತ್ತಿಯಿಂದ ನೀರಿನಲ್ಲಿ ಕರಗದ ಒಂದು ಪುಡಿಯನ್ನು ತಯಾರಿಸಿದರು. ಮುಂದೆ ಜೈಮೋಸಾನ್ ಎಂದು ಹೆಸರಾದ ಈ ಪುಡಿಯನ್ನು ತಾಜಾ ಸೀರಂನಲ್ಲಿ ಕಲಸಿ ಮೈಬಿಸಿಯಷ್ಟು ಶಾಖದಲ್ಲಿ ಇಟ್ಟರೆ, ರೋಗಾಣುಗಳ ವಿರುದ್ಧ ಕೆಲಸಮಾಡುವ ಕಾಂಪ್ಲಿಮೆಂಟ್ ಪ್ರೋಟೀನುಗಳಲ್ಲಿ ಮೂರನೆಯದು ಇಲ್ಲವಾಗುತ್ತಿತ್ತು. ಯೀಸ್ಟಿನ ಗೋಡೆ ರಕ್ತದ ಒಂದು ರಕ್ಷಣೆಯನ್ನೇ ಅಳಿಸಿಹಾಕುತ್ತದೆ ಎಂದು ಓದಿಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ. ಆದರೆ ಆಗುತ್ತಿದ್ದದ್ದು ಕಳವಲ್ಲ, ಖರ್ಚು. ಆ ಪ್ರೋಟೀನು ಜೈಮೋಸಾನಿನ ಮೇಲೆ ಎರಗಿ, ಅಲ್ಲೇ ಕೂತು, ತೀರಿಹೋಗುತ್ತಿತ್ತು. ಪ್ರತಿಕಾಯದ ನೆರವಿಲ್ಲದೆ ಕಾಂಪ್ಲಿಮೆಂಟ್ ಎಚ್ಚರಗೊಳ್ಳುವ ಇನ್ನೊಂದು ದಾರಿಯಿದೆ ಎಂದು ಪಿಲ್ಲೆಮರ್ 1954ರಲ್ಲಿ ವಾದಿಸಿದಾಗ ಅವರ ಕೈಯಲ್ಲಿದ್ದ ಮುಖ್ಯ ಆಧಾರವೂ ಇದೇ ಪುಡಿ. ಆ ವಾದವನ್ನು ಹಲವರು ನಂಬಲಿಲ್ಲ. 1957ರಲ್ಲಿ ಅವರು ತೀರಿಕೊಂಡು ಸುಮಾರು ಹತ್ತು ವರ್ಷ ಕಳೆದ ಮೇಲೆ ಅದಕ್ಕೆ ಮನ್ನಣೆ ಸಿಕ್ಕಿತು. ಈ ಶಾಸ್ತ್ರದ ಮೊದಲ ಅಧ್ಯಾಯದಲ್ಲೇ ಪ್ರಚೋದನೆಯೊಂದು ದಮನದ ವೇಷದಲ್ಲಿ ಕಾಣಿಸಿಕೊಂಡಿತ್ತು ಎನ್ನುವುದು ನನ್ನ ಮಟ್ಟಿಗೆ ಬರಿಯ ಕುತೂಹಲದ ಸಂಗತಿಯಲ್ಲ. ಶಿಲೀಂಧ್ರದ ಭಿತ್ತಿ ಮನುಷ್ಯನ ರೋಗನಿರೋಧಕ ಶಕ್ತಿಯನ್ನು ದಮನ ಮಾಡುತ್ತದೆ ಎಂಬ ಮಾತಿನೊಳಗೆ ತಾನು ಅಡಗುವುದು ಮತ್ತು ದೇಹದ ರಕ್ಷಣೆಯನ್ನು ಅಡಗಿಸುವುದು ಎಂಬ ಎರಡು ಬೇರೆ ಕ್ರಿಯೆಗಳು ದಶಕಗಳ ಕಾಲ ಒಂದಾಗಿ ಕಲೆತುಹೋಗಿದ್ದವು. ಅವನ್ನು ಬಿಡಿಸಿಕೊಳ್ಳದೆ ಹಳೆಯ ಪುರಾವೆಗಳನ್ನು ತೂಗಲು ಬರುವುದಿಲ್ಲ.

ಅಡಗಿಸುವ ಪಕ್ಷಕ್ಕೆ ಮೊದಲ ಗಟ್ಟಿ ಸಾಕ್ಷ್ಯ ಬಂದದ್ದು ಪ್ಯಾರಿಸಿನಿಂದ. ಬಾಯಿ, ಉಗುರು, ಚರ್ಮದ ಮೇಲೆ ಕ್ಯಾಂಡಿಡಾ ಶಿಲೀಂಧ್ರ ವರ್ಷಗಟ್ಟಲೆ ಬೀಡುಬಿಡುವ ಅಪರೂಪದ ಕಾಯಿಲೆಯ ರೋಗಿಗಳ ಸೀರಂ ಅನ್ನು ಅಲೇನ್ ಫಿಶರ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಕ್ಯಾಂಡಿಡಾವನ್ನು ಕಂಡಾಗ ವೃದ್ಧಿಯಾಗಬೇಕಿದ್ದ ಲಿಂಫೋಸೈಟ್ ಎಂಬ ರಕ್ಷಣಾ ಕೋಶಗಳು ಆ ಸೀರಂ ಸೇರಿದರೆ ಸುಮ್ಮನಾಗುತ್ತಿದ್ದವು. ತಡೆ ಕ್ಯಾಂಡಿಡಾಕ್ಕೆ ಮಾತ್ರ ಸೀಮಿತವಾಗಿತ್ತು, ಅದನ್ನು ಉಂಟುಮಾಡುತ್ತಿದ್ದದ್ದು ಸೀರಂನಲ್ಲಿ ತೇಲುತ್ತಿದ್ದ ಶಿಲೀಂಧ್ರದ್ದೇ ಸಕ್ಕರೆಸರಪಳಿ ಎಂದು ಅವರು 1978ರಲ್ಲಿ ಪ್ರಕಟಿಸಿದರು. ಕ್ಯಾಂಡಿಡಾದ ಭಿತ್ತಿಯಲ್ಲಿ ಒಳಗೆ ಕೈಟಿನ್, ಅದರ ಮೇಲೆ ಬೀಟಾ ಗ್ಲೂಕನ್, ಎಲ್ಲಕ್ಕಿಂತ ಹೊರಗೆ ಪ್ರೋಟೀನಿಗೆ ಅಂಟಿಕೊಂಡ ಮ್ಯಾನನ್ ಇರುತ್ತದೆ; ಮೂರೂ ಸಕ್ಕರೆಸರಪಳಿಗಳೇ. ಕಳಚಿ ರಕ್ತಕ್ಕೆ ಸೇರುವುದು ಸಹಜವಾಗಿಯೇ ಹೊರಗಿನ ಮ್ಯಾನನ್. ಇಲ್ಲಿ ಒಂದು ದೊಡ್ಡ ಆಕ್ಷೇಪವಿದೆ. 2010 ಮತ್ತು 2011ರ ಸಂಶೋಧನೆಗಳು ಇಂಥ ಅನೇಕ ರೋಗಿಗಳಲ್ಲಿ ಮೂಲದೋಷ ಇರುವುದು ಇಂಟರ್‌ಲ್ಯೂಕಿನ್ 17 ಎಂಬ ಸಂದೇಶವಾಹಕದ ಹಾದಿಯಲ್ಲಿ ಎಂದು ತೋರಿಸಿದವು. ಕೆಲವರಲ್ಲಿ ಅದು ಜೀನಿನ ದೋಷ, ಕೆಲವರಲ್ಲಿ ಆ ಸಂದೇಶವಾಹಕದ ವಿರುದ್ಧ ದೇಹವೇ ತಯಾರಿಸಿಕೊಂಡ ಪ್ರತಿಕಾಯ. ಹಾಗಿದ್ದರೆ ಮ್ಯಾನನ್ನಿನ ಮೇಲೆ ಹೊರಿಸಿದ ಅಪವಾದ ಸುಳ್ಳೇ? ರೋಗದ ಮೂಲಕಾರಣವೆಂಬ ಪಟ್ಟ ಅದಕ್ಕೆ ಉಳಿಯುವುದಿಲ್ಲ, ಇದನ್ನು ಒಪ್ಪಬೇಕು. ಆದರೆ 1978ರ ಪ್ರಯೋಗ ಹೇಳಿದ್ದು ರೋಗ ಹೇಗೆ ಶುರುವಾಯಿತು ಎಂದಲ್ಲ. ಬೀಡುಬಿಟ್ಟ ಶಿಲೀಂಧ್ರ ತನ್ನ ಭಿತ್ತಿಯ ಚೂರುಗಳನ್ನು ಚೆಲ್ಲುತ್ತ ಹೋದರೆ ಏನಾಗುತ್ತದೆ ಎಂದಷ್ಟೇ ಅದು ಹೇಳಿತು. ಆ ಮಾತನ್ನು ಜೀನುಗಳ ಪಟ್ಟಿ ಅಲ್ಲಗಳೆಯುವುದಿಲ್ಲ.

ಜೀನಿನ ದೋಷವಿಲ್ಲದ ಸಾಮಾನ್ಯ ಜನರಲ್ಲೂ ಮ್ಯಾನನ್ನಿನ ಈ ತಡೆಯನ್ನು ಪರೀಕ್ಷಿಸಬಹುದಾದ ರೋಗ ನಮ್ಮೆಲ್ಲರಿಗೂ ಗೊತ್ತಿರುವ ಗಜಕರ್ಣ, ಕೆಲವು ಕಡೆ ಹುಳುಕಡ್ಡಿ. ಅದರ ಅಂಚು ಕೆಂಪಗೆ ಉಬ್ಬಿ, ಸಣ್ಣ ಹೊಪ್ಪಳೆ ಏಳುತ್ತ, ದಿನದಿನಕ್ಕೆ ಹೊರಕ್ಕೆ ಸರಿಯುತ್ತದೆ. ನಡುವಿನ ಚರ್ಮ ವಾಸಿಯಾದಂತೆ ತಿಳಿಯಾಗುತ್ತದೆ. ದನಕರುಗಳಿಂದ ತಗಲುವ ಟ್ರೈಕೋಫೈಟಾನ್ ವೆರ್ರುಕೋಸಮ್ ಆದರೆ ಚರ್ಮ ಊದಿ, ಕೀವು ತುಂಬಿ, ಕೊನೆಗೆ ತಾನಾಗಿಯೇ ಮಾಯುವುದುಂಟು. ಮನುಷ್ಯನಿಗೇ ಒಗ್ಗಿಕೊಂಡ ಟ್ರೈಕೋಫೈಟಾನ್ ರುಬ್ರಮ್ ಹಾಗಲ್ಲ. ಕೊಲಂಬೊದಲ್ಲಿ ಕೆಲಸಮಾಡುತ್ತಿದ್ದ ಇಟಲಿಯ ವೈದ್ಯ ಆಲ್ಡೊ ಕಾಸ್ತೆಲಾನಿ 1910ರಲ್ಲಿ ವರ್ಣಿಸಿದ ಈ ಜಾತಿ ಹೆಚ್ಚು ಉರಿಯೂತ ಎಬ್ಬಿಸದೆ ಪಾದದಲ್ಲೋ ತೊಡೆಸಂದಿಯಲ್ಲೋ ವರ್ಷಗಳ ಕಾಲ ಇದ್ದುಬಿಡುತ್ತದೆ. ಇದರ ಭಿತ್ತಿಯಿಂದ ತೆಗೆದ ಮ್ಯಾನನ್ ಲಿಂಫೋಸೈಟುಗಳ ವೃದ್ಧಿಯನ್ನು ತಡೆಯುತ್ತದೆಂದು ಬ್ಲೇಕ್, ಮಾರ್ಕ್ ಡಾಲ್ ಮತ್ತು ಸಂಗಡಿಗರು 1991ರಲ್ಲಿ ತೋರಿಸಿದರು. ಮೂರು ವರ್ಷಗಳ ನಂತರ ಡಾಲ್ ಮತ್ತು ಗ್ರಾಂಡೊ ಇನ್ನೊಂದು ಊಹೆ ಮುಂದಿಟ್ಟರು: ಮ್ಯಾನನ್ ಮೇಲ್ಚರ್ಮದ ಬೆಳವಣಿಗೆಯನ್ನೂ ನಿಧಾನಿಸಿ, ಹೊಪ್ಪಳೆಯ ಜೊತೆ ಉದುರಿಹೋಗಬೇಕಿದ್ದ ಶಿಲೀಂಧ್ರಕ್ಕೆ ಇನ್ನಷ್ಟು ಕಾಲಾವಕಾಶ ಕೊಡುತ್ತಿರಬಹುದು. ಊಹೆ ಜಾಣತನದ್ದು. ಆದರೂ ಎರಡು ಜಾತಿಗಳ ನಡುವೆ ಮ್ಯಾನನ್ ಒಂದೇ ವ್ಯತ್ಯಾಸವಲ್ಲವಾದ್ದರಿಂದ, ಒಂದು ಸೌಮ್ಯ ಇನ್ನೊಂದು ಉಗ್ರ ಎಂಬುದನ್ನು ನೇರವಾಗಿ ಮ್ಯಾನನ್ನಿನ ಖಾತೆಗೆ ಬರೆಯುವುದು ಆತುರವಾದೀತು. ಭಾರತದಲ್ಲಿ ಕಳೆದ ದಶಕದಿಂದ ಹಬ್ಬಿರುವ ಹಠಮಾರಿ ಗಜಕರ್ಣಕ್ಕೆ ಮುಖ್ಯ ಕಾರಣ ರುಬ್ರಮ್ ಅಲ್ಲ, 2020ರಲ್ಲಿ ಟ್ರೈಕೋಫೈಟಾನ್ ಇಂಡೊಟಿನಿಯೇ ಎಂದು ಹೆಸರಿಟ್ಟ ಅದರ ದಾಯಾದಿ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದಾಗ ತುರಿಕೆ ನಿಲ್ಲುತ್ತದೆ, ಬೂಷ್ಟು ಹಬ್ಬುತ್ತದೆ. ಭಿತ್ತಿ ಬಿಂದುಬಿಂದುವಾಗಿ ಮಾಡುತ್ತದೆಂದು ವಿಜ್ಞಾನಿಗಳು ವಾದಿಸುತ್ತಿರುವ ಕೆಲಸವನ್ನು ನಾವು ದುಡ್ಡು ಕೊಟ್ಟು ಒಂದೇ ಸಲಕ್ಕೆ ಮಾಡಿಸಿಕೊಳ್ಳುತ್ತಿದ್ದೇವೆ.

ಅಡಗುವ ಕಥೆ ತೆರೆದುಕೊಂಡದ್ದು ಹೊಸ ಶತಮಾನದಲ್ಲಿ. ಬೀಟಾ ಗ್ಲೂಕನ್ನನ್ನು ಗುರುತಿಸುವ ಗ್ರಾಹಕ ಡೆಕ್ಟಿನ್ 1 ಎಂಬುದನ್ನು ಗಾರ್ಡನ್ ಬ್ರೌನ್ ಮತ್ತು ಸೈಮನ್ ಗಾರ್ಡನ್ ಆಕ್ಸ್‌ಫರ್ಡಿನಲ್ಲಿ 2001ರಲ್ಲಿ ಪತ್ತೆಹಚ್ಚಿದರು. ಆ ಗ್ರಾಹಕ ಸಿಕ್ಕ ಮೇಲೆ ಪ್ರಶ್ನೆಯೇ ತಿರುವುಮುರುವಾಯಿತು: ಗ್ಲೂಕನ್ ಇಷ್ಟೊಂದು ಇದ್ದೂ ದೇಹಕ್ಕೆ ಅದು ಏಕೆ ಕಾಣುವುದಿಲ್ಲ? ಕ್ಯಾಂಡಿಡಾದ ದುಂಡು ಯೀಸ್ಟ್ ರೂಪದಲ್ಲಿ ಮರಿಮೊಗ್ಗು ಕಳಚಿದ ಗಾಯದ ಗುರುತಿನಲ್ಲಿ ಮಾತ್ರ ಗ್ಲೂಕನ್ ಹೊರಗೆ ಇಣುಕುತ್ತದೆ, ಎಳೆಯಾಗಿ ಬೆಳೆಯುವಾಗ ಆ ಕಿಂಡಿಯೂ ಇಲ್ಲ ಎಂದು 2005ರಲ್ಲಿ ತಿಳಿಯಿತು. ಹಿಸ್ಟೊಪ್ಲಾಸ್ಮಾ ಎಂಬ ಶಿಲೀಂಧ್ರ ತನ್ನ ಗ್ಲೂಕನ್ನಿನ ಮೇಲೆ ಬೇರೆ ಜಾತಿಯ ಗ್ಲೂಕನ್ನನ್ನೇ ಹೊದಿಸಿಕೊಳ್ಳುತ್ತದೆ. ಅತ್ಯಂತ ಸ್ಪಷ್ಟ ಸಾಕ್ಷ್ಯ ಬಂದದ್ದು ನಾವು ದಿನವೂ ಉಸಿರಾಡುವ ಆಸ್ಪರ್ಜಿಲಸ್ ಬೀಜಾಣುವಿನಿಂದ. ವಿಶುಕುಮಾರ್ ಐಮಣಿಯಂಡ, ಜಾನ್ ಪಾಲ್ ಲಾಜೆ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸುಪ್ತ ಬೀಜಾಣು ರೋಗನಿರೋಧಕ ಕೋಶಗಳನ್ನು ಎಬ್ಬಿಸಲಿಲ್ಲ. ನೀರು ಅಂಟದ ರಾಡ್‌ಎ ಎಂಬ ಪ್ರೋಟೀನಿನ ಕಡ್ಡಿಗಳ ಪದರವನ್ನು ಹೈಡ್ರೊಫ್ಲೋರಿಕ್ ಆಮ್ಲದಿಂದ ತೆಗೆದರೂ, ಆ ಜೀನನ್ನೇ ಅಳಿಸಿದರೂ, ಬೀಜಾಣು ಮೊಳೆತು ಪದರ ತಾನಾಗಿ ಹರಿದರೂ ಕೋಶಗಳು ಎದ್ದು ಕೂತವು. ಬಿಡಿಯಾಗಿ ತೆಗೆದ ರಾಡ್‌ಎ ಕೂಡ ಅವನ್ನು ಕೆರಳಿಸಲಿಲ್ಲ. ಇಲ್ಲಿ ಯಾರೂ ಯಾರನ್ನೂ ದಮನ ಮಾಡಿಲ್ಲ. ಕಳ್ಳ ಕಾವಲುಗಾರನ ಕೈಕಟ್ಟಲಿಲ್ಲ, ಕಂಬಳಿ ಹೊದ್ದು ಪಕ್ಕದಲ್ಲೇ ಹಾದುಹೋದ.

ಹಾಗಾದರೆ ಹಳೆಯ ಮ್ಯಾನನ್ ಪ್ರಯೋಗಗಳನ್ನೂ ಕಂಬಳಿಯ ಕಥೆಯಾಗಿಯೇ ಓದಬಾರದೇಕೆ ಎಂದು ಕೇಳಬಹುದು. ಸಾಧ್ಯವಿಲ್ಲ. ಕರಗಿ ತೇಲುವ ಮ್ಯಾನನ್ ಯಾವುದನ್ನೂ ಹೊದಿಸುವುದಿಲ್ಲ. ಅದು ಲಿಂಫೋಸೈಟನ್ನು ತಡೆದಿದ್ದರೆ ತಡೆದದ್ದೇ. ಆಸ್ಪರ್ಜಿಲಸ್ಸಿನ ಗ್ಯಾಲಕ್ಟೊಸಮಿನೊಗ್ಯಾಲಕ್ಟನ್ ಎಂಬ ಸಕ್ಕರೆಸರಪಳಿ ಉರಿಯೂತ ಎಬ್ಬಿಸುವ ಇಂಟರ್‌ಲ್ಯೂಕಿನ್ 1ರ ಬಾಯಿ ಮುಚ್ಚಿಸುವ ಪ್ರೋಟೀನನ್ನು ನಮ್ಮ ಕೋಶಗಳಿಂದಲೇ ಹೊರಡಿಸುತ್ತದೆ ಎಂದು 2014ರಲ್ಲಿ ಗೊತ್ತಾದಾಗ ಅಡಗಿಸುವಿಕೆಗೂ ಖಚಿತವಾದ ಯಂತ್ರಕ್ರಮವೊಂದು ದೊರೆಯಿತು. ಇನ್ನೊಂದು ಆಕ್ಷೇಪ ತಾತ್ವಿಕವಾದದ್ದು: ಈ ಶಿಲೀಂಧ್ರಗಳಲ್ಲಿ ಹಲವು ಮಣ್ಣಿನಲ್ಲಿ ಅಮೀಬಾಗಳಿಂದ ತಪ್ಪಿಸಿಕೊಳ್ಳುತ್ತ ಬೆಳೆದವು, ಮನುಷ್ಯನನ್ನು ಅಡಗಿಸುವ ಉದ್ದೇಶ ಅವಕ್ಕೆಲ್ಲಿಯದು? ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರ ಅಮೀಬಾದ ಒಳಗೂ ಬದುಕಿ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆಂದು ಕಸಡೇವಾಲ್ ಅವರ ಗುಂಪು 2001ರಲ್ಲೇ ತೋರಿಸಿದೆ. ಆದರೆ ಇದು ಗುಣ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಉತ್ತರ. ಬಂದ ಗುಣ ನಮ್ಮ ಶ್ವಾಸಕೋಶದಲ್ಲಿ ಏನು ಮಾಡುತ್ತದೆ ಎಂಬುದು ಬೇರೆ ಪ್ರಶ್ನೆ.

ಅಡಗುವುದು, ಅಡಗಿಸುವುದು ಎರಡನ್ನೂ ಒಟ್ಟಿಗೆ ಕಾಣಬೇಕೆಂದರೆ ಕ್ಯಾಸ್ಪೊಫಂಗಿನ್ ಔಷಧವನ್ನು ನೋಡಬೇಕು. ಗ್ಲೂಕನ್ನಿನ ತಯಾರಿಕೆಯನ್ನೇ ತಡೆಯುವ ಇದು ಕೊಲ್ಲದಷ್ಟು ಕಡಿಮೆ ಪ್ರಮಾಣದಲ್ಲಿದ್ದರೂ ಕ್ಯಾಂಡಿಡಾದ ಹೊರಪದರವನ್ನು ಕೆದರಿ ಉಳಿದ ಗ್ಲೂಕನ್ನನ್ನು ಬಯಲಿಗಿಡುತ್ತದೆಂದು ವೀಲರ್ ಮತ್ತು ಫಿಂಕ್ 2006ರಲ್ಲಿ ತೋರಿಸಿದರು. ರೋಗಾಣುಗಳನ್ನು ನುಂಗುವ ಮ್ಯಾಕ್ರೊಫೇಜ್ ಕೋಶಗಳು ಆಗ ಜೋರಾಗಿ ಕೆರಳುತ್ತವೆ. ಅದೇ ಔಷಧಕ್ಕೆ ಸಿಕ್ಕ ಕ್ಯಾಂಡಿಡಾ ಗೋಡೆ ಕುಸಿಯದಿರಲೆಂದು ಹೆಚ್ಚು ಕೈಟಿನ್ ಕಟ್ಟಿಕೊಳ್ಳುತ್ತದೆ. ಶುದ್ಧೀಕರಿಸಿದ ಕೈಟಿನ್ ಕಣಗಳು ಉರಿಯೂತವನ್ನು ತಣಿಸುವ ಇಂಟರ್‌ಲ್ಯೂಕಿನ್ 10ನ್ನು ಹೊರಡಿಸುತ್ತವೆ ಎಂದು ಆಬರ್ಡೀನಿನ ಸಂಶೋಧಕರು 2014ರಲ್ಲಿ ವರದಿ ಮಾಡಿದ್ದಾರೆ. ಕಂಬಳಿ ಸರಿಸಿದ ಕೈಯೇ ಒಳಗಿನ ಗೋಡೆಯನ್ನು ದಪ್ಪ ಮಾಡಿಸಿದೆ. ರೋಗಿಯ ರಕ್ತದಲ್ಲಿ ಯಾವುದು ಮೇಲುಗೈಯಾಗುತ್ತದೆ ಎಂಬುದು ಗೋಡೆ ಎಷ್ಟು ಬೇಗ ಒಡೆಯುತ್ತದೆ, ಒಡೆದ ಚೂರು ಎಷ್ಟು ಸಣ್ಣದು ಎಂಬುದರ ಮೇಲೆ ನಿಂತಿರಬಹುದು.